ಅಮೆರಿಕದ ಅರ್ಜಿಗಳಲ್ಲಿ ‘ಹೌಸ್‌ಹೋಲ್ಡ್’ ಎಂದರೆ ಯಾರ್‍ಯಾರು?

ಗೃಹಲಕ್ಷ್ಮಿಗೋ ರೇಷನ್ ಕಾರ್ಡಿಗೋ ಮನೆಯ ಯಜಮಾನಿ ಯಾರೆಂದು ಬರೆಸಿ ರೂಢಿಯಾದವರು ಅಮೆರಿಕದ ಟ್ಯಾಕ್ಸ್ ಫಾರಂ 1040ರಲ್ಲಿ ‘ಹೆಡ್ ಆಫ್ ಹೌಸ್‌ಹೋಲ್ಡ್’ ಕಂಡ ಕೂಡಲೇ ಟಿಕ್ ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿದ್ದರೆ, ದುಡಿಯುವವರು ಒಬ್ಬರೇ ಆದರೂ, ಆ ಚೌಕ ಸಾಮಾನ್ಯವಾಗಿ ಅವರಿಗಲ್ಲ.

ಅದು ಇರುವುದು ಒಂಟಿಯಾಗಿ ಸಂಸಾರ ನಡೆಸುವವರಿಗೆ. ಡಿಸೆಂಬರ್ 31ಕ್ಕೆ ನೀವು ಅವಿವಾಹಿತರಾಗಿರಬೇಕು, ಇಲ್ಲವೇ ಕಾನೂನು ಹಾಗೆಂದು ಪರಿಗಣಿಸುವ ಸ್ಥಿತಿಯಲ್ಲಿರಬೇಕು. ಮನೆಖರ್ಚಿನ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿರಬೇಕು. ಬಾಡಿಗೆ, ಕರೆಂಟು, ರಿಪೇರಿ, ಮನೆಯಲ್ಲಿ ಉಣ್ಣುವ ದಿನಸಿ ಇದಕ್ಕೆ ಸೇರುತ್ತವೆ. ಬಟ್ಟೆ, ಶಾಲೆ ಫೀಸು, ಆಸ್ಪತ್ರೆ ಖರ್ಚು ಸೇರುವುದಿಲ್ಲ. ಜೊತೆಗೆ ಮಗುವೋ ಅವಲಂಬಿತ ಬಂಧುವೋ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ನಿಮ್ಮೊಂದಿಗೆ ಇದ್ದಿರಬೇಕು. ಅಪ್ಪ ಅಮ್ಮ ಬೇರೆ ಮನೆಯಲ್ಲಿದ್ದರೂ ನಡೆಯುತ್ತದೆ ಎಂಬ ವಿನಾಯಿತಿ ಉಂಟು. ಇದನ್ನು ಓದಿ ಶಿವಮೊಗ್ಗದಲ್ಲಿರುವ ತಂದೆತಾಯಿಯ ಹೆಸರು ಬರೆಯುವವರಿದ್ದಾರೆ. ಅವಲಂಬಿತರು ಅಮೆರಿಕದ ಪ್ರಜೆಗಳೋ ನಿವಾಸಿಗಳೋ ಆಗಿರಬೇಕು, ತಪ್ಪಿದರೆ ಕೆನಡಾ, ಮೆಕ್ಸಿಕೋದ ನಿವಾಸಿಗಳು. ಹಾಗಾಗಿ ಭಾರತದ ಪ್ರಜೆಗಳಾಗಿ ಊರಲ್ಲೇ ಇರುವವರಿಗೆ ತಿಂಗಳು ತಿಂಗಳು ಎಷ್ಟೇ ಹಣ ಕಳಿಸಿದರೂ ಇಲ್ಲಿ ಲೆಕ್ಕಕ್ಕೆ ಬಾರದು.

ತಪ್ಪು ಟಿಕ್ಕಿನಿಂದ ದಂಪತಿಗೆ ಲಾಭವೂ ಇಲ್ಲ. 2024ರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಲೆಕ್ಕ ಹಾಕುವ ಮುನ್ನ ಆದಾಯದಿಂದ ಕಳೆಯುವ ನಿಗದಿತ ಮೊತ್ತ, ನೋಡಿ: ಒಂಟಿ ವ್ಯಕ್ತಿಗೆ 14,600 ಡಾಲರ್, ಹೆಡ್ ಆಫ್ ಹೌಸ್‌ಹೋಲ್ಡಿಗೆ 21,900, ಜಂಟಿ ರಿಟರ್ನಿಗೆ 29,200. ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿಗಳಲ್ಲದ ವಿದ್ಯಾರ್ಥಿಗಳು ತುಂಬುವ 1040-ಎನ್‌ಆರ್‌ನಲ್ಲಂತೂ ಆ ಚೌಕವೇ ಇಲ್ಲ.

‘ಹೌಸ್‌ಹೋಲ್ಡ್’ ಎಂಬ ಇದೇ ಪದ ಮುಂದಿನ ಅರ್ಜಿಯಲ್ಲಿ ಬೇರೆಯೇ ಲೆಕ್ಕ ಕೇಳುತ್ತದೆ. ಜನಗಣತಿಯಲ್ಲಿ ಆ ಮನೆಯಲ್ಲಿ ವಾಸವಾಗಿರುವ ಎಲ್ಲರೂ ಒಂದೇ ಹೌಸ್‌ಹೋಲ್ಡ್, ರೂಮ್‌ಮೇಟ್ ಕೂಡ. ಸರ್ಕಾರದ ಮಾರ್ಕೆಟ್‌ಪ್ಲೇಸಿನಲ್ಲಿ ಆರೋಗ್ಯ ವಿಮೆ ಕೊಳ್ಳುವಾಗ ರೂಮ್‌ಮೇಟ್ ಬರುವುದಿಲ್ಲ. ನೀವು, ನಿಮ್ಮ ಸಂಗಾತಿ, ನಿಮ್ಮ ರಿಟರ್ನಿನಲ್ಲಿರುವ ಅವಲಂಬಿತರು, ಅಷ್ಟೇ. ಹಾಸ್ಟೆಲಿನಲ್ಲಿ ಓದುವ ಮಗಳು ನಿಮ್ಮ ರಿಟರ್ನಿನಲ್ಲಿದ್ದರೆ ಅವಳೂ ಸೇರುತ್ತಾಳೆ.

ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸುವಾಗ ಅವರ ಜೀವನಕ್ಕೆ ನಾವು ಹೊಣೆ ಎಂದು ಬರೆದುಕೊಡುವ ಫಾರಂ ಐ-864ರಲ್ಲಿ ಇನ್ನೂ ಬಾರದವರನ್ನೂ ಎಣಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ನೀವಿಬ್ಬರು, ಇಬ್ಬರು ಮಕ್ಕಳು, ಬರಲಿರುವ ತಾಯಿ: ಒಟ್ಟು 5. ಆದಾಯ ಬಡತನ ರೇಖೆಯ ಶೇಕಡಾ 125ರಷ್ಟಾದರೂ ಇರಬೇಕು. ಅಲಾಸ್ಕಾ, ಹವಾಯಿ ಬಿಟ್ಟು 2024ರ ಮಟ್ಟದಲ್ಲಿ ಅದು ವರ್ಷಕ್ಕೆ 45,725 ಡಾಲರ್. ತಾಯಿಗೆ ಕಾರ್ಡ್ ಬಂದ ಮೇಲೆ ತಂದೆಗೆ ಹಾಕಿದರೆ ಸಂಖ್ಯೆ 6, ಮೊತ್ತ 52,450. ತಾಯಿಯನ್ನು ಕೈಬಿಟ್ಟು 5 ಎಂದು ಬರೆದರೆ ಅರ್ಜಿ ಪ್ರಶ್ನೆ ಹೊತ್ತು ವಾಪಸು ಬರಬಹುದು. ನಿಮ್ಮ ಸಂಬಳವೊಂದೇ ಸಾಲದಿದ್ದರೆ ಸಂಗಾತಿ ಐ-864ಎ ಎಂಬ ಜೊತೆ ಫಾರಂಗೆ ಸಹಿ ಹಾಕಿ ತಮ್ಮ ಆದಾಯವನ್ನೂ ಸೇರಿಸಬಹುದು.