ಎರಡು ಸೆಕೆಂಡಿನ ಸದ್ದು

ಏಪ್ರಿಲ್ 27, 2025, ಭಾನುವಾರ
ಶಿವಮೊಗ್ಗ, ರಾತ್ರಿ ಹತ್ತೂವರೆ

ಕೈಯ ಗ್ರೀಸ್ ಇನ್ನೂ ಹೋಗಿಲ್ಲ. ಸೋಪು ಆಯ್ತು, ಸೀಗೆಪುಡಿ ಆಯ್ತು, ಕೊನೆಗೆ ಕೊಬ್ಬರಿ ಎಣ್ಣೆಗೆ ಸಕ್ಕರೆ ಹಾಕಿ ಉಜ್ಜಿದೆ. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಹಾಗೇ ಇದೆ. ಆದರೂ ಇವತ್ತು ಬೇಜಾರಿಲ್ಲ. ಒಂದೂವರೆ ತಿಂಗಳಿಂದ ಜೀವ ತಿನ್ನುತ್ತಿದ್ದ ಕಾಯಿಲೆ ಸಿಕ್ಕಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನನ್ನದು 2001ರ ಹೋಂಡಾ ಸಿಟಿ, 1.5 ವಿಟೆಕ್. ಇದನ್ನು ಸ್ಪೋರ್ಟ್ಸ್ ಕಾರ್ ಅಂತ ಕರೆದರೆ ಮನೆಯಲ್ಲಿ ಒಪ್ಪುವವರಿಲ್ಲ. "ನಾಲ್ಕು ಬಾಗಿಲು, ಎರಡು ಮೂಟೆ ಅಡಿಕೆ ಹಿಡಿಸುವ ಡಿಕ್ಕಿ, ಇದೆಂಥ ಸ್ಪೋರ್ಟ್ಸ್ ಕಾರ್ರೀ?" ಅಂತ ಹೆಂಡತಿ ಕೇಳುತ್ತಾಳೆ. ಉತ್ತರ ಬಾಯಲ್ಲಿ ಹೇಳುವಂಥದ್ದಲ್ಲ, ಮಾಳೂರು ದಾಟಿದ ಮೇಲಿನ ತಿರುವುಗಳಲ್ಲಿ ಕೂರಿಸಿ ತೋರಿಸಬೇಕು. ಸುಮಾರು ಒಂದು ಟನ್ ತೂಕದ ಗಾಡಿಗೆ 106 ಕುದುರೆ ಶಕ್ತಿ, ಆ ಕಾಲಕ್ಕೆ ಸಣ್ಣ ಮಾತಲ್ಲ. ನಮ್ಮ ದೇಶದ ರ‍್ಯಾಲಿಗಳಲ್ಲಿ ಮಣ್ಣು ಹಾರಿಸಿಕೊಂಡು ಓಡಿದ ಗಾಡಿ ಇದು. ಇಂಜಿನ್ ನಿಧಾನವಾಗಿ ತಿರುಗುವಾಗ ಸಾಧು ಹಸು. ಆರ್‌ಪಿಎಂ ಏರುತ್ತಾ ಹೋದರೆ ಒಂದು ಹಂತದಲ್ಲಿ ಆಯಿಲ್ ಪ್ರೆಶರ್ ಒಳಗಿನ ಸಣ್ಣ ಪಿನ್ನುಗಳನ್ನು ತಳ್ಳಿ, ವಾಲ್ವ್ ಒತ್ತುವ ಸನ್ನೆಗಳಾದ ರಾಕರ್ ಆರ್ಮ್‌ಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಅಲ್ಲಿಂದ ಮುಂದೆ ಕ್ಯಾಮ್‌ಶಾಫ್ಟಿನ ದೊಡ್ಡ ಉಬ್ಬಿನದ್ದೇ ಯಜಮಾನಿಕೆ, ಇನ್‌ಟೇಕ್ ವಾಲ್ವ್‌ಗಳು ಜಾಸ್ತಿ ತೆರೆಯುತ್ತವೆ, ಜಾಸ್ತಿ ಹೊತ್ತು ತೆರೆದಿರುತ್ತವೆ, ಸದ್ದೇ ಬದಲಾಗುತ್ತದೆ. ವಿಟೆಕ್ ಅಂದರೆ ಇದೇ. ಆ ಸದ್ದಿಗೋಸ್ಕರವೇ ಮೂರು ವರ್ಷದ ಹಿಂದೆ ಕೊಪ್ಪದ ಕಡೆಯ ತೋಟದವರೊಬ್ಬರಿಂದ ಇದನ್ನು ತಂದದ್ದು.

ಕಾಯಿಲೆ ಶುರುವಾದದ್ದು ಮಾರ್ಚ್ ಮಧ್ಯದಲ್ಲಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಮಧ್ಯಾಹ್ನ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ ಬಂದರೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಸಂಜೆ ಐದಕ್ಕೆ ಹೋಗಿ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಮತ್ತೆ ಸ್ಟಾರ್ಟ್. ಒಂದು ಗ್ಯಾರೇಜಿಗೆ ಕೊಟ್ಟೆ. ಬ್ಯಾಟರಿ ಬದಲಾಯಿತು, ಪ್ಲಗ್ ಬದಲಾದವು, ಕೊನೆಗೆ ಫ್ಯುಯೆಲ್ ಪಂಪೂ ಬದಲಾಯಿತು. ಪ್ರತಿ ಸಲ ಸಂಜೆ ಹೊತ್ತಿಗೆ "ಸರಿಯಾಯ್ತು ಸಾರ್" ಅಂತ ಫೋನ್. ಸಂಜೆ ಸರಿಯಾಗಿಯೇ ಇರುತ್ತಿತ್ತಲ್ಲ, ಅದೇ ತಾನೇ ಕಾಯಿಲೆ! ಅವರನ್ನು ಬೈದು ಪ್ರಯೋಜನವಿಲ್ಲ, ಇಪ್ಪತ್ನಾಲ್ಕು ವರ್ಷದ ಗಾಡಿಯನ್ನು ಮಧ್ಯಾಹ್ನದ ಬಿಸಿಲಲ್ಲಿಟ್ಟು ಕಾಯುವ ಪುರುಸೊತ್ತು ಯಾರಿಗಿರುತ್ತದೆ.

ಹೋದ ಭಾನುವಾರ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಅತ್ತೆಯನ್ನು ಹಿಂದೆ ಕೂರಿಸಿ ಕೀ ತಿರುಗಿಸಿದೆ. ಹಿಡಿಯಲಿಲ್ಲ. ಅಂಗಳದಲ್ಲಿದ್ದವರೆಲ್ಲ ಬಂದರು. ಒಬ್ಬರು ಬಾನೆಟ್ ಎತ್ತಿಸಿದರು, ಇನ್ನೊಬ್ಬರು ಪೆಟ್ರೋಲ್ ಇದೆಯಾ ಅಂತ ಕೇಳಿದರು, ಮೂರನೆಯವರು ಡೀಸೆಲ್ ಗಾಡಿ ಆಗಿದ್ದರೆ ಈ ರಗಳೆಯೇ ಇರಲಿಲ್ಲ ಎಂದರು. ತಳ್ಳಿಯೂ ನೋಡಿದೆವು. ಅತ್ತೆ ಏನೂ ಅನ್ನಲಿಲ್ಲ, ಇಳಿದು ಬಸ್‌ಸ್ಟ್ಯಾಂಡಿಗೆ ಹೊರಟರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಅವತ್ತು ನಾನು ಮಾಡಬೇಕಿದ್ದ ಒಂದೇ ಕೆಲಸ ಅಂದರೆ ಕಿವಿ ಕೊಡುವುದು. ಇಂಥ ಗಾಡಿಗಳಲ್ಲಿ ಕೀ ಆನ್ ಮಾಡಿದ ತಕ್ಷಣ, ಸೆಲ್ಫ್ ಹೊಡೆಯುವ ಮೊದಲೇ, ಹಿಂದೆ ಟ್ಯಾಂಕಿನೊಳಗಿರುವ ಪಂಪ್ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಪೈಪಿನಲ್ಲಿ ಪ್ರೆಶರ್ ತುಂಬಿಸಿಟ್ಟುಕೊಳ್ಳುವುದಕ್ಕೆ. ಜೊತೆಗೆ ಮೀಟರಿನಲ್ಲಿ ಚೆಕ್ ಇಂಜಿನ್ ದೀಪ ಹತ್ತಿ, ಅದೂ ಎರಡು ಸೆಕೆಂಡಿಗೆ ಆರುತ್ತದೆ. ದೀಪ ಹತ್ತಿ ಆರಿದರೆ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಕರೆಂಟ್ ಬಂದಿದೆ ಎಂದರ್ಥ. ದೀಪ ಸರಿಯಿದ್ದು ಪಂಪಿನ ಸದ್ದು ಇಲ್ಲದಿದ್ದರೆ, ಪಂಪ್ ಕೆಟ್ಟಿದೆ ಅಥವಾ ಪಂಪಿಗೆ ಕರೆಂಟೇ ಹೋಗುತ್ತಿಲ್ಲ. ಇಷ್ಟು ನನಗೂ ಗೊತ್ತಿತ್ತು. ಆದರೆ ಮದುವೆಮನೆಯ ವಾಲಗದ ಮುಂದೆ ಪಂಪಿನ ಗುಂಯ್ ಅನ್ನುವ ಸದ್ದು ಯಾರಿಗೆ ಕೇಳಬೇಕು?

ನಿನ್ನೆ ಶನಿವಾರ ರಜೆ ಹಾಕಿದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ಹಿಂದಿನ ಸೀಟು ಬಿಚ್ಚಿ, ಪಂಪಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದೆ. ಕೀ ತಿರುಗಿಸುವುದಕ್ಕೆ ಅಕ್ಕನ ಮಗಳು, ಏಳನೇ ಕ್ಲಾಸು, ಬೇಸಿಗೆ ರಜೆ. ಹನ್ನೆರಡು ವೋಲ್ಟ್ ಬಂತು, ಎರಡು ಸೆಕೆಂಡಿಗೆ ಹೋಯಿತು. ಸರಿ. ಆಮೇಲೆ ಗಾಜು ಏರಿಸಿ ಅಂಗಳದ ಬಿಸಿಲಲ್ಲಿ ಬಿಟ್ಟೆ. ಎರಡೂವರೆಗೆ ಬಾಗಿಲು ತೆಗೆದರೆ ಒಳಗೆ ಹಲಸಿನ ಹಪ್ಪಳ ಒಣಗಿಸಬಹುದಿತ್ತು.

"ಮಾವ, ತಿರುಗಿಸ್ಲಾ?"

"ತಿರುಗ್ಸು. ದೀಪ ಬಂತಾ?"

"ಬಂತು. ಹೋಯ್ತು."

ಮೀಟರಿನಲ್ಲಿ ಸೊನ್ನೆ. ಮತ್ತೆ ತಿರುಗಿಸು ಅಂದೆ. ಸೊನ್ನೆ. ಕುಣಿದಾಡುವಷ್ಟು ಖುಷಿಯಾಯಿತು. ಗಾಡಿ ಕೆಟ್ಟು ನಿಂತಿದೆ, ಇವನು ಹಲ್ಲು ಕಿರಿಯುತ್ತಿದ್ದಾನೆ ಅಂತ ಆ ಹುಡುಗಿಗೆ ಅನಿಸಿರಬೇಕು. "ಹಂಗಾದ್ರೆ ಹೊಸ ಪಂಪ್ ಹಾಕ್ಸಿದ್ದು ದಂಡನಾ ಮಾವ?" ಎಂದಳು. ಉತ್ತರ ಕೊಡಲಿಲ್ಲ.

ಇಸಿಯುಗೆ ಕರೆಂಟ್ ಇದೆ, ಪಂಪಿಗೆ ಇಲ್ಲ. ನಡುವೆ ಇರುವುದು ಮೇನ್ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. ಒಂದೇ ಡಬ್ಬಿಯಲ್ಲಿ ಎರಡು ರಿಲೇ: ಒಂದು ಇಸಿಯು ಮತ್ತು ಇಂಜೆಕ್ಟರುಗಳಿಗೆ, ಇನ್ನೊಂದು ಪಂಪಿಗೆ. ಡ್ಯಾಶ್‌ಬೋರ್ಡಿನ ಕೆಳಗೆ, ಮನುಷ್ಯರು ತಲೆ ಹಾಕಬಾರದ ಜಾಗದಲ್ಲಿ ಕೂತಿರುತ್ತದೆ. ಕಾಲು ಸೀಟಿನ ಮೇಲೆ, ತಲೆ ಪೆಡಲಿನ ಬುಡದಲ್ಲಿ ಇಟ್ಟು ಮಲಗಿ, ಹತ್ತರ ಸ್ಪ್ಯಾನರಿನಿಂದ ಬೋಲ್ಟ್ ಬಿಚ್ಚಿದೆ. ಜಪಾನಿನ ಗಾಡಿಗಳಲ್ಲಿ ಅರ್ಧ ಬೋಲ್ಟುಗಳಿಗೆ ಹತ್ತರ ಸ್ಪ್ಯಾನರೇ ಬೇಕು, ಅದೊಂದೇ ಯಾವಾಗಲೂ ಕಳೆದುಹೋಗಿರುತ್ತದೆ.

ಅಲ್ಲಿ ಮಲಗಿದ್ದಾಗ ಇನ್ನೊಂದು ಕಂಡಿತು. ಹಿಂದಿನ ಮಾಲೀಕರ ಮಗ ಯಾವಾಗಲೋ ರಿಮೋಟ್ ಲಾಕ್, ಅಲಾರಂ, ಡಬಲ್ ಹಾರ್ನ್ ಎಲ್ಲ ಹಾಕಿಸಿದ್ದ. ಇಗ್ನಿಷನ್ ವೈರಿನ ಸಿಪ್ಪೆ ಕೆತ್ತಿ, ಇನ್ನೊಂದು ವೈರನ್ನು ಸುಮ್ನೆ ತಿರುಚಿ ಸುತ್ತಿ ಟೇಪ್ ಹಾಕಿದ್ದರು. ಟೇಪಿನ ಗೋಂದು ಕರಗಿ ಹಲಸಿನ ಮೇಣದ ಹಾಗೆ ಆಗಿತ್ತು. ಅಂಥ ಗಂಟು ಆರು ಸಿಕ್ಕಿದವು. ಎಲ್ಲ ಬಿಚ್ಚಿ, ಬೆಸೆದು, ಸ್ಲೀವ್ ಹಾಕಿದೆ. ಮಾಡಿಫಿಕೇಶನ್ ಅಂತ ನಾವು ಮೂರು ವರ್ಷದಲ್ಲಿ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಇದೇ, ಹಿಂದಿನವರ ಮಾಡಿಫಿಕೇಶನ್ ಬಿಚ್ಚುವುದು. ಬಾನೆಟ್ ಒಳಗೆ ಒಂದು ಕೋನ್ ಏರ್ ಫಿಲ್ಟರ್ ಇತ್ತು, ಶಂಖದ ಹಾಗೆ ಸದ್ದು ಮಾಡುತ್ತಿತ್ತು, ಆದರೆ ಅದು ಎಳೆಯುತ್ತಿದ್ದದ್ದು ಇಂಜಿನ್ ಪಕ್ಕದ ಬಿಸಿ ಗಾಳಿ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಬೆಂಗಳೂರಿನ ಗುಜರಿಯಲ್ಲಿ ಕಂಪನಿಯ ಹಳೇ ಏರ್‌ಬಾಕ್ಸ್ ಹುಡುಕಿ ಹಾಕಿದ ಮೇಲೆ ಸದ್ದು ಹೋಯಿತು, ಏರು ಹತ್ತುವ ತಾಕತ್ತು ಬಂತು. ಸದ್ದನ್ನೇ ಶಕ್ತಿ ಅಂದುಕೊಳ್ಳುವ ವಯಸ್ಸು ನನಗೂ ಇತ್ತು, ಬಿಡಿ.

ರಿಲೇ ಡಬ್ಬಿಯನ್ನು ತೆಗೆದುಕೊಂಡು ಸಂಜೆ ಗಾಂಧಿ ಬಜಾರಿನ ಸಂದಿಯ ಟೀವಿ ರಿಪೇರಿ ಅಂಗಡಿಗೆ ಹೋದೆ. ಹಿರಿಯರು, ಎಪ್ಪತ್ತು ದಾಟಿದೆ. ಈಗ ಟೀವಿ ಯಾರೂ ತರುವುದಿಲ್ಲ, ಮಿಕ್ಸಿ ಮತ್ತು ಸೊಳ್ಳೆ ಬ್ಯಾಟ್ ಬರುತ್ತವೆ. ಕಾರಿನ ಸಾಮಾನು ಅಂದಾಗ "ನಂಗೆಂತ ಗೊತ್ತು ಮಾರಾಯ" ಅಂದರು. ಮುಚ್ಚಳ ಬಿಚ್ಚಿ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ ಮೇಲೆ ನಕ್ಕುಬಿಟ್ಟರು. "ಡ್ರೈ ಸೋಲ್ಡರ್. ನೀನೇ ನೋಡು."

ನೋಡಿದೆ. ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲಿನಷ್ಟು ತೆಳುವಾದ ಒಂದು ಉಂಗುರ. ಬಿರುಕು. ಕಾರಿನ ತಪ್ಪಲ್ಲ ಅದು, ವಯಸ್ಸು. ಇಪ್ಪತ್ನಾಲ್ಕು ಬೇಸಿಗೆ ಬಿಸಿಯಾಗಿ, ಇಪ್ಪತ್ನಾಲ್ಕು ಮಳೆಗಾಲ ತಣ್ಣಗಾಗಿ, ಮೇಲೆ ನಮ್ಮ ರಸ್ತೆಗಳ ಕುಲುಕಾಟ. ಬಿಸಿಗೆ ಪಿನ್ನೂ ಬೆಸುಗೆಯೂ ಬೋರ್ಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಬಿರುಕು ಬಾಯಿ ಬಿಡುತ್ತದೆ, ಕರೆಂಟ್ ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಹಳೇ ದಪ್ಪ ಟೀವಿಗಳಲ್ಲೂ ಇದೇ ಕತೆಯಂತೆ. "ಆಗ ಟೀವಿ ಹೋದ್ರೆ ಮಂಡೆ ಮೇಲೆ ಎರಡು ಬಡೀತಿದ್ರಲ್ಲ, ಬರ್ತಿತ್ತಲ್ಲ, ಅದು ಎಂತಕ್ಕೆ ಅಂದ್ಕಂಡೆ? ಬಡಿದ ಏಟಿಗೆ ಡ್ರೈ ಸೋಲ್ಡರ್ ಕೂಡ್ಕಣ್ತಿತ್ತು." ನಮ್ಮಜ್ಜ ದೊಡ್ಡ ಇಂಜಿನಿಯರ್ ಅಂತ ಈಗ ಗೊತ್ತಾಯಿತು, ಭಾನುವಾರದ ಸಿನಿಮಾಕ್ಕೆ ಮೊದಲು ಅವರೇ ಬಡಿಯುತ್ತಿದ್ದದ್ದು.

ಹಳೇ ಬೆಸುಗೆಯನ್ನು ಹೀರಿ ತೆಗೆದು, ಫ್ಲಕ್ಸ್ ಹಚ್ಚಿ, ಹೊಸ ಸೀಸ ಕೂರಿಸಿದರು. ಒಂದಕ್ಕಲ್ಲ, ಬೋರ್ಡಿನ ಎಲ್ಲ ಕಾಲಿಗೂ. ಇಪ್ಪತ್ತು ನಿಮಿಷ. ಐವತ್ತು ರೂಪಾಯಿ ತೆಗೆದುಕೊಂಡರು, ಅದೂ ಒತ್ತಾಯ ಮಾಡಿದ್ದಕ್ಕೆ. ಬ್ಯಾಟರಿ, ಪ್ಲಗ್, ಪಂಪ್ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಹೆಂಡತಿಯೂ ಇದನ್ನು ಓದುತ್ತಾಳೆ.

ಇವತ್ತು ಪರೀಕ್ಷೆ. ಅಕ್ಕನ ಮಗಳನ್ನು ಕೂರಿಸಿಕೊಂಡು ಗಾಜನೂರು ದಾಟಿ ಮಂಡಗದ್ದೆ ಪಕ್ಷಿಧಾಮದವರೆಗೆ ಹೋದೆ. ಹೊಳೆಯಲ್ಲಿ ನೀರು ಇಳಿದು ಬಂಡೆ ಎದ್ದಿದೆ, ಹಕ್ಕಿಗಳು ಬರಬೇಕಾದರೆ ಮಳೆಗಾಲ ಹಿಡಿಯಬೇಕು. ಮಧ್ಯಾಹ್ನ ಒಂದರಿಂದ ಮೂರರ ತನಕ ಬೇಕಂತಲೇ ಬಿಸಿಲಲ್ಲಿ ನಿಲ್ಲಿಸಿ, ನಾವು ಮರದಡಿ ಕೂತು ಕಡಲೆಕಾಯಿ ತಿಂದೆವು. ನೆರಳು ಖಾಲಿ ಇದ್ದರೂ ಗಾಡಿಯನ್ನು ಬಿಸಿಲಿಗೆ ಹಾಕಿದವನನ್ನು ನೋಡಿ ಒಬ್ಬರು ಬಂದು "ಈ ಕಡೆ ಹಾಕಿ, ಜಾಗ ಉಂಟಲ್ಲ" ಅಂದರು. ಏನಂತ ವಿವರಿಸುವುದು? ಮೂರಕ್ಕೆ ಕೀ ಆನ್ ಮಾಡಿದೆ. ಅವಳು ಹಿಂದಿನ ಸೀಟಿಗೆ ಕಿವಿ ಒತ್ತಿಕೊಂಡಿದ್ದಳು.

"ಗುಂಯ್ ಅಂತು ಮಾವ!"

ವಾಪಸ್ ಬರುವಾಗ ಖಾಲಿ ರಸ್ತೆಯಲ್ಲಿ ಒಂದು ಸಲ ಮೂರನೇ ಗೇರಿನಲ್ಲಿ ಆ ದೊಡ್ಡ ಉಬ್ಬಿನ ಸದ್ದು ಕೇಳಿಸಿಕೊಂಡೆ. ಒಂದೇ ಸಲ. ಅವಳು ಅದನ್ನು ಮನೆಯಲ್ಲಿ ಹೇಳುವುದಿಲ್ಲ ಅಂತ ಐಸ್‌ಕ್ರೀಮಿಗೆ ಒಪ್ಪಂದವಾಗಿದೆ.

ಸಂಜೆ ಬಂದ ಮೇಲೆ ಸುಮ್ನೆ ಕೂರಬಹುದಿತ್ತು. ಆದರೆ ಜೂನ್ ಬಂದರೆ ಆಗುಂಬೆ ಕಡೆ ಮಂಜು, ಮಳೆ, ರಾತ್ರಿ ಹೆಡ್‌ಲೈಟ್ ಸಾಲುವುದಿಲ್ಲ. ಇದಕ್ಕೆ ದೊಡ್ಡ ಬಲ್ಬ್ ಹಾಕುವವರು ಜಾಸ್ತಿ, ಅದರಿಂದ ಹಳೇ ವೈರ್ ಸುಡುತ್ತದೆ, ಎದುರಿನವನ ಕಣ್ಣೂ ಸುಡುತ್ತದೆ. ಮಲ್ಟಿಮೀಟರ್ ಕೈಯಲ್ಲಿತ್ತಲ್ಲ, ಇಂಜಿನ್ ಓಡುವಾಗ ಅಳೆದೆ: ಬ್ಯಾಟರಿಯಲ್ಲಿ 13.9, ಬಲ್ಬಿನ ಹತ್ತಿರ 12.3. 1.6 ವೋಲ್ಟ್ ದಾರಿಯಲ್ಲೇ ಮಾಯ. ಹ್ಯಾಲೋಜನ್ ಬಲ್ಬಿಗೆ ಶೇಕಡಾ 10 ವೋಲ್ಟೇಜ್ ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ. ಅದಕ್ಕೆ ಮದ್ದು ಮತ್ತೆ ರಿಲೇಯೇ. ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರ್ ನೇರ ರಿಲೇಯ 30ನೇ ನಂಬರಿನ ಪಿನ್ನಿಗೆ, 87ರಿಂದ ಬಲ್ಬಿಗೆ. ಹಳೇ ವೈರ್ 86ಕ್ಕೆ, 85 ಗಾಡಿಯ ಬಾಡಿ ಲೋಹಕ್ಕೆ, ಅಂದರೆ ಅರ್ತ್. ಹಳೇ ಸ್ವಿಚ್ಚಿಗೆ ಇನ್ನು ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ, ಹೊರೆ ಹೊರುವ ಕೆಲಸವಿಲ್ಲ.

ಎಡಗಡೆಯದ್ದು ಏಳೂವರೆಗೆ ಮುಗಿಯಿತು. ಬಲಗಡೆಗೆ ಎಳೆಯುವಾಗ ವೈರ್ ಒಂದು ಮೊಳ ಕಡಿಮೆ ಬಿತ್ತು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ನನ್ನ ಮಾಮೂಲಿ ಅಂಗಡಿ ಭಾನುವಾರ ಬಾಗಿಲು. ಹಾಗಾಗಿ ಈಗ ಶೆಡ್ಡಿನಲ್ಲಿ ಗಾಡಿ ಎಡಗಣ್ಣು ಬೆಳ್ಳಗೆ, ಬಲಗಣ್ಣು ಅರಿಶಿನ ಬಣ್ಣಕ್ಕೆ ಬಿಟ್ಟುಕೊಂಡು ಗೋಡೆ ನೋಡುತ್ತಾ ನಿಂತಿದೆ. ಅತ್ತೆ ನೋಡಿ, "ಇದಕ್ಕೂ ಡಾಕ್ಟ್ರಿಗೆ ತೋರ್ಸಿ" ಅಂದು ಒಳಗೆ ಹೋದರು. ಮದುವೆಯ ದಿನದಿಂದ ನನ್ನ ಹತ್ತಿರ ಆಡಿದ ಮೊದಲ ಮಾತು.