ಮೂರನೇ ನಂಬರಿನ ಜೆರ್ಸಿ

ಇವತ್ತಿನ ಲೀಗ್‌ನ ರಗ್ಬಿ ಪಂದ್ಯದಲ್ಲಿ ಅರ್ಧ ಗಂಟೆಯೊಳಗೇ ಟೈಟ್‌ಹೆಡ್ ಪ್ರಾಪ್, ಅಂದರೆ ಮುಂದಿನ ಸಾಲಿನ ಬಲತುದಿಯಲ್ಲಿ ನಿಲ್ಲೋ ಮೂರನೇ ನಂಬರಿನವನು, ಭುಜ ಹಿಡಿದುಕೊಂಡು ಹೊರಬಂದ. ಬೆಂಚಿನಲ್ಲಿ ಆ ಜಾಗಕ್ಕೆ ಪಳಗಿದವರು ಯಾರೂ ಇಲ್ಲ.

ಸ್ಕ್ರಮ್ ಅಂದರೆ ಎರಡೂ ತಂಡದ ಎಂಟೆಂಟು ಜನ ಕಟ್ಟಿಕೊಂಡು ಚೆಂಡಿಗಾಗಿ ತಳ್ಳಾಡೋದು. ಪಳಗಿದವರು ಇಲ್ಲದ ಕಾರಣ, ನಿಯಮದ ಪ್ರಕಾರ ಅಲ್ಲಿಂದ ಮುಂದೆ ಬರೀ ತಳ್ಳಾಟವಿಲ್ಲದ ಸ್ಕ್ರಮ್. ಎಂಟೂ ಜನ ಕಟ್ಟಿಕೊಂಡು ನಿಲ್ತಾರೆ, ಆದರೆ ನೂಕೋ ಹಾಗಿಲ್ಲ. ಚೆಂಡು ಹಾಕಿದ ತಂಡಕ್ಕೇ ಚೆಂಡು. ಬಲವಾದ ಸ್ಕ್ರಮ್ ಇದ್ದ ತಂಡ ಅಷ್ಟೂ ಲಾಭ ಕಳೆದುಕೊಳ್ತು.

ಬೇಸರ ಆಗುತ್ತೆ, ಆದರೂ ನಿಯಮ ಸರಿಯೇ. ಟೈಟ್‌ಹೆಡ್‌ನ ತಲೆ ಎದುರಿನ ಸಾಲಿನ ನಡುವಿನವನಾದ ಹುಕರ್ ಮತ್ತು ಎಡತುದಿಯ ಪ್ರಾಪ್ ಆದ ಲೂಸ್‌ಹೆಡ್ ನಡುವೆ ಸಿಕ್ಕಿರುತ್ತೆ, ಎರಡೂ ಭುಜದ ಮೇಲೆ ಭಾರ. ಭುಜ ಸೊಂಟಕ್ಕಿಂತ ಕೆಳಗಿಳಿದರೆ ಸ್ಕ್ರಮ್ ಕುಸಿಯುತ್ತೆ, ಪೆಟ್ಟು ಬೀಳೋದು ಕುತ್ತಿಗೆಗೆ.

ಲೆಕ್ಕ ಇಷ್ಟು: ಬೆಂಚಿನವರೂ ಸೇರಿ ತಂಡದಲ್ಲಿ 15 ಜನ ಇದ್ದರೆ ಮುಂದಿನ ಸಾಲಿಗೆ ಪಳಗಿದವರು ಕನಿಷ್ಠ 3 ಇರಬೇಕು. 16ರಿಂದ 18 ಆದರೆ 4, 19ರಿಂದ 22 ಆದರೆ 5, 23 ಆದರೆ 6.

ಸಣ್ಣ ಕ್ಲಬ್‌ಗಳು ಎಡವೋದು ಇಲ್ಲೇ. ಅಂಚಿನಲ್ಲಿ ಓಡೋ ವಿಂಗರ್ ಸಿಗ್ತಾನೆ, ಪ್ರಾಪ್ ಸಿಗಲ್ಲ. ಸ್ಕ್ರಮ್‌ನ ಬದಿಯಲ್ಲಿ ನಿಲ್ಲೋ ಗಟ್ಟಿಮುಟ್ಟಾದ ಫ್ಲ್ಯಾಂಕರ್ ಒಬ್ಬನನ್ನ ಸೀಸನ್‌ಗೆ ಮೊದಲೇ ಪ್ರಾಪ್ ಆಗಿ ತಯಾರು ಮಾಡಿ. ಸ್ಕ್ರಮ್ ಅಭ್ಯಾಸ ಮೊದಲು ಒಬ್ಬರಿಗೊಬ್ಬರು, ಆಮೇಲೆ ಮೂವರಿಗೆ ಮೂವರು, ಕೊನೆಗೆ ಎಂಟೂ ಜನ. ಪಂದ್ಯದ ದಿನ ಬೆಳಿಗ್ಗೆ ಹುಡುಕಿದರೆ ಪ್ರಾಪ್ ಹುಟ್ಟಲ್ಲ.