ಕೆಮ್ಮೋಕೆ ಹೆದರಿದ ಹುಡುಗ

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಅವತ್ತು ನೈಟ್ ಡ್ಯೂಟಿ. ಹೊಟ್ಟೆನೋವು ಅಂತ ಇಬ್ಬರು ಒಂದೇ ಹೊತ್ತಿಗೆ ಬಂದರು. ಒಬ್ಬರಿಗೆ ವಯಸ್ಸು 40 ದಾಟಿತ್ತು. ಕೂತರೂ ಆಗಲ್ಲ, ನಿಂತರೂ ಆಗಲ್ಲ, ಬೆಡ್ ಮೇಲೆ ಹೊರಳಾಡಿ, ಇಳಿದು ಓಡಾಡಿ, ಮತ್ತೆ ಹತ್ತಿ, ವಾರ್ಡಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಇನ್ನೊಬ್ಬ 20ರ ಆಸುಪಾಸಿನ ಹುಡುಗ, ಮೊಣಕಾಲು ಮಡಚಿಕೊಂಡು ಸುಮ್ನೆ ಮಲಗಿದ್ದ. ನಾನು ಯಾರ ಹತ್ತಿರ ಓಡಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಹುಡುಗನಿಗೆ ಸ್ವಲ್ಪ ಜ್ವರ ಇತ್ತು, ಬಿಪಿ ಸರಿಯಿತ್ತು. ಹತ್ತರಲ್ಲಿ ಎಷ್ಟು ನೋವು ಅಂತ ಕೇಳಿದೆ. "ನಾಲ್ಕು ಇರಬಹುದು ಸಿಸ್ಟರ್. ಮಧ್ಯಾಹ್ನ ತುಂಬಾ ಇತ್ತು, ಈಗ ಪರವಾಗಿಲ್ಲ" ಅಂದ. ನಾಲ್ಕು ಅಂತ ಬರೆದುಕೊಂಡೆ. ಕಾಯುವವರ ಸಾಲಿನ ಕೊನೆಗೆ ಹಾಕಿದೆ.

ಸ್ವಲ್ಪ ಹೊತ್ತಿಗೆ ನಮ್ಮ ಸೀನಿಯರ್ ಸಿಸ್ಟರ್ ಆ ಕಡೆ ಹೋದರು. ಅವರ ಸೊಂಟ ತಾಗಿ ಬೆಡ್ ಒಂಚೂರು ಅಲುಗಿತು, ಅಷ್ಟೇ. ಹುಡುಗ ಹಲ್ಲು ಕಚ್ಚಿದ. ಸಿಸ್ಟರ್ ಅಲ್ಲೇ ನಿಂತು "ಒಂದ್ಸಲ ಕೆಮ್ಮಪ್ಪ" ಅಂದರು. ಅವನು ಎರಡೂ ಕೈಯನ್ನು ಬಲಗಡೆ ಕೆಳಹೊಟ್ಟೆಗೆ ಒತ್ತಿಕೊಂಡ, ಬಾಯಿ ತೆರೆದ, ಕೆಮ್ಮೋಕೆ ಹೋಗಿ ಅರ್ಧಕ್ಕೇ ನಿಲ್ಲಿಸಿಬಿಟ್ಟ. "ನೋವು ಮೊದಲು ಎಲ್ಲಿ ಶುರುವಾಯ್ತು?" ಹೊಕ್ಕುಳ ಹತ್ತಿರ ಅಂದ. "ಊಟ ಸೇರ್ತಾ ಇದೆಯಾ?" ನಿನ್ನೆಯಿಂದ ಏನೂ ಬೇಡ ಅನ್ನಿಸ್ತಿದೆ ಅಂದ. ಎರಡೇ ಪ್ರಶ್ನೆ. ನಾನು ಎರಡನ್ನೂ ಕೇಳಿರಲಿಲ್ಲ.

ಅಪೆಂಡಿಕ್ಸ್ ಒಡೆದಿತ್ತು. ಮಧ್ಯಾಹ್ನದ ನೋವು ಇಳಿದದ್ದು ವಾಸಿಯಾಗಿ ಅಲ್ಲ, ಊದಿ ಬಿಗಿದಿದ್ದದ್ದು ಒಡೆದು ಒತ್ತಡ ಇಳಿದಿದ್ದಕ್ಕೆ. ಬೆಳಗಾಗುವುದರೊಳಗೆ ಆಪರೇಷನ್ ಆಯ್ತು. ಹುಡುಗ ಹುಷಾರಾದ, ಆದರೆ ಎರಡು ಮೂರು ದಿನದಲ್ಲಿ ಮನೆಗೆ ಹೋಗಬೇಕಾಗಿದ್ದವನು ಹತ್ತು ದಿನ ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಂಡು ಮಲಗಿದ್ದ. ಕೂಗಾಡುತ್ತಿದ್ದವರಿಗೆ ಕಿಡ್ನಿ ಕಲ್ಲು. ಇಂಜೆಕ್ಷನ್ ಕೊಟ್ಟ ಮೇಲೆ ಗೊರಕೆ ಹೊಡೆದರು.

ಆಮೇಲೆ ಸಿಸ್ಟರ್ ಹೇಳಿಕೊಟ್ಟದ್ದು ಇದು. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ನಾಳ ಹಿಂಡುತ್ತದೆ, ಹೇಗೆ ಮಲಗಿದರೂ ನೆಮ್ಮದಿ ಇಲ್ಲ, ಅದಕ್ಕೇ ಹೊರಳಾಟ. ಹೊಟ್ಟೆಯ ಒಳಗೋಡೆಗೆ ಇರುವ ತೆಳು ಪೊರೆಗೆ ಉರಿಯೂತ ತಗುಲಿದರೆ ಕತೆಯೇ ಬೇರೆ, ಅಲುಗಿದಷ್ಟೂ ನೋವು, ಹಾಗಾಗಿ ಅವರು ಕಲ್ಲಿನ ಹಾಗೆ ಬಿದ್ದುಕೊಂಡಿರುತ್ತಾರೆ. ಹೊಕ್ಕುಳಿನ ಲೆಕ್ಕವೂ ಅಲ್ಲೇ ಇದೆ. ಕರುಳಿನ ನರಗಳು ಇಂಥ ಜಾಗ ಅಂತ ಸರಿಯಾಗಿ ಹೇಳಲ್ಲ. ಅಪೆಂಡಿಕ್ಸ್ ಊದಲು ಶುರುವಾದಾಗ ಹೊಕ್ಕುಳ ಸುತ್ತ ಏನೋ ಮಂದ ನೋವು ಅನ್ನಿಸುತ್ತದೆ, ಊತ ಆ ಪೊರೆಗೆ ತಾಗಿದ ಮೇಲೆ ಬಲಗಡೆ ಬೆರಳಿಟ್ಟು ತೋರಿಸಬಹುದು. ಎಲ್ಲರಿಗೂ ಹೀಗೇ ಆಗಲ್ಲ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಲ್ಲಿ ಲಕ್ಷಣ ಅಡ್ಡಾದಿಡ್ಡಿ. 75 ವರ್ಷದವರು ಜ್ವರವಿಲ್ಲದೆ "ಸ್ವಲ್ಪ ನೋವು" ಅಂದರೂ ನಾನೀಗ ದೊಡ್ಡದು ಅಂತಲೇ ಹಿಡಿಯುತ್ತೇನೆ.

ಈಗ ನಾನು ಕೇಳುವ ಪ್ರಶ್ನೆಗಳೇ ಬೇರೆ. ಬರುವಾಗ ಗಾಡಿ ಹಂಪ್ ಹತ್ತಿ ಇಳಿದಾಗ ನೋವು ಜಾಸ್ತಿ ಆಯ್ತಾ? ಗ್ಯಾಸ್ ಆದರೂ ಹೋಗ್ತಿದೆಯಾ? ಅದೂ ನಿಂತು, ಹೊಟ್ಟೆ ಉಬ್ಬಿ, ವಾಂತಿಯಾಗುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಮಲ ಟಾರಿನ ಹಾಗೆ ಕಪ್ಪಗೆ, ಅಂಟಾಗಿ ಬಂತಾ? ಹಾಗಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಹೆಂಗಸರಾದರೆ ಮುಟ್ಟು ಯಾವಾಗ ಆಗಿತ್ತು ಅಂತ ಸಂಕೋಚ ಬಿಟ್ಟು ಕೇಳುತ್ತೇನೆ, ಯಾಕೆಂದರೆ ಮುಟ್ಟು ತಪ್ಪಿ, ಕೆಳಹೊಟ್ಟೆ ನೋವು ಬಂದು, ತಲೆ ಸುತ್ತುತ್ತಿದ್ದರೆ ಗರ್ಭ ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ನಿಂತು ಒಡೆದಿರಬಹುದು, ಆಗ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಹುಡುಗರು ಕೆಳಹೊಟ್ಟೆ ನೋವು ಅಂತಷ್ಟೇ ಹೇಳಿ ನಾಚಿಕೆಗೆ ಮಿಕ್ಕದ್ದನ್ನು ನುಂಗುತ್ತಾರೆ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಇರುವುದು ಸುಮಾರು 6 ಗಂಟೆ. ಹಸುಗೂಸು ಹಸಿರು ವಾಂತಿ ಮಾಡಿದರಂತೂ ಬೆಳಗಿನ ತನಕ ಕಾಯಲೇಬೇಡಿ.

ಇನ್ನು ಮೇಲುಹೊಟ್ಟೆ. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿ ಕೂತವರಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನು ನಾನೇ ನೋಡಿದ್ದೇನೆ. ಮೈ ಬೆವರುವುದು, ಉಸಿರು ಕಟ್ಟುವುದು ಜೊತೆಗಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಮೊದಲು ಇಸಿಜಿ.

ಹೆದರಿಸುವುದಕ್ಕೆ ಹೇಳುತ್ತಿಲ್ಲ. ಬಂದು ಹೋಗುವ, ಮಲವಿಸರ್ಜನೆ ಆದ ಮೇಲೆ ಇಳಿಯುವ ನೋವು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ವಾರಗಟ್ಟಲೆ ಮರುಕಳಿಸಿ ತೂಕ ಇಳಿಯುತ್ತಿದ್ದರೆ ಹಗಲು ಹೊತ್ತಲ್ಲೇ ಡಾಕ್ಟರಿಗೆ ತೋರಿಸಿ.

ಜೋರು ನೋವಿಟ್ಟುಕೊಂಡು ಬರುವಾಗ ಭೇದಿ ಮಾಡಿಸುವ ಮಾತ್ರೆ ತಗೊಂಡು ಬರಬೇಡಿ. ಊಟವನ್ನೂ ಮಾಡಬೇಡಿ. ಆಪರೇಷನ್ ಬೇಕಾದರೆ ಕೊನೆಯ ಸಲ ಏನು, ಎಷ್ಟು ಹೊತ್ತಿಗೆ ತಿಂದಿರಿ ಅಂತ ಅರಿವಳಿಕೆ ಡಾಕ್ಟರ್ ಕೇಳೇ ಕೇಳುತ್ತಾರೆ. ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಜೇಬಲ್ಲಿರಲಿ.